ಮೊರದ ಮೇಲಿನ ಕೊಡೆ

ನಾನು ಇನ್ನೂ ಲಂಗದ ಅಂಚು ತುಳಿದು ಎಡವಿ ಬೀಳುವಷ್ಟು ಚಿಕ್ಕವಳಿದ್ದಾಗ, ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಎತ್ತಿನ ಗಾಡಿಗಳು ಸಾಲಾಗಿ ನಿಂತಿದ್ದವು. ಗಾಡಿಯೊಳಗೆ ಹುಲ್ಲು ಹರಡಿ, ಮೇಲೆ ಗೋಣಿಚೀಲ ಹಾಸಿದ್ದರು. ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ನಮ್ಮಜ್ಜಿ, ಅಪ್ಪನ ತಾಯಿ. ಅವ್ವ ಪೆಟ್ಟಿಗೆಯ ತಳದಿಂದ ತೆಗೆದ ಹಸಿರು ಸೀರೆ ಉಟ್ಟಿದ್ದಳು; ಅದರ ಮಡಿಕೆಗಳಿಂದ ಬೇವಿನ ಸೊಪ್ಪಿನ ವಾಸನೆ ಬರುತ್ತಿತ್ತು. ಎದುರುಮನೆ ದೊಡ್ಡವ್ವ ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು, ಕೈಯಲ್ಲಿ ಇನ್ನಷ್ಟು ಹಿಡಿದುಕೊಂಡು ಬಂದಳು. ನಮ್ಮಕ್ಕ ಮಾತ್ರ ಗಾಡಿ ಹತ್ತದೆ, ಬೀದಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತ ಮನೆಮನೆಯ ಬಾಗಿಲು ಬಡಿಯುತ್ತಿದ್ದಳು.

"ಬನ್ರವ್ವಾ, ಬನ್ನಿ! ಬಿಸಿಲೇರಿದ್ರೆ ಸಾಲು ಉದ್ದ ಆಯ್ತದೆ!"

"ಬಂದೆ ಕಣ್ ತಾಯಿ. ಓಟು ಏನು ಓಡಿ ಹೋದದಾ?" ಎಂದು ಒಳಗಿನಿಂದ ಯಾರೋ ಕೂಗಿದರು.

ನೋಡಿದವರು ಮದುವೆ ದಿಬ್ಬಣ ಅಂದುಕೊಳ್ಳಬೇಕು. ಆದರೆ ಅಂದು ಪಂಚಾಯಿತಿ ಎಲೆಕ್ಷನ್. ನಮ್ಮಪ್ಪ ಚುನಾವಣೆಗೆ ನಿಂತಿದ್ದ. ನಮ್ಮೂರಿನ ಹೆಂಗಸರೆಲ್ಲ ಓಟು ಹಾಕಲು ಹೊರಟದ್ದು ಅದೇ ಮೊದಲು.

ಮಕ್ಕಳೇ, ಅಪ್ಪ ಯಾಕೆ ನಿಂತ ಎನ್ನುವುದನ್ನು ಮೊದಲು ಹೇಳಬೇಕು. ನಮ್ಮದು ಕಟ್ಟೆಮಳಲವಾಡಿಯಿಂದ ಒಳಗೆ, ಹೊಲಗಳ ನಡುವೆ ಇದ್ದ ಸಣ್ಣ ಊರು. ಕುಡಿಯುವ ನೀರಿಗೆ ಒಂದು ಬಾವಿಯೂ ಇರಲಿಲ್ಲ. ಲಕ್ಷ್ಮಣತೀರ್ಥ ಹೊಳೆಗೆ ಇಳಿದು, ಮರಳಲ್ಲಿ ಗುಂಡಿ ತೋಡಿ, ಅದರಲ್ಲಿ ಒಸರುವ ನೀರನ್ನು ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಬೇಕಿತ್ತು. ತುಂಬಿದ ಮೇಲೆ ದಡ ಹತ್ತಬೇಕು. ಆ ದಡ ಎಷ್ಟು ಕಡಿದಾಗಿತ್ತೆಂದರೆ ಮುಂದೆ ಹೋಗುವವರ ಹಿಮ್ಮಡಿ ಹಿಂದಿನವರ ಮೂಗಿನ ಮುಂದಿರುತ್ತಿತ್ತು. ಅವ್ವ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗುತ್ತಿದ್ದಳು. ಆದ್ದರಿಂದ ಮನೆಯ ನೀರೆಲ್ಲ ಅಕ್ಕನ ತಲೆಯ ಮೇಲೆ, ಅಕ್ಕನ ಸೊಂಟದ ಮೇಲೆ.

ಅಕ್ಕ ಏಳನೇ ಕ್ಲಾಸು ಪಾಸು ಮಾಡಿದ್ದಳು. ನಮ್ಮೂರಿನಲ್ಲಿ ಅಷ್ಟು ಓದಿದ ಮೊದಲ ಹುಡುಗಿ ಅವಳೇ. ಮುಂದಕ್ಕೆ ಓದಲು ಹುಣಸೂರಿಗೆ ಹೋಗಬೇಕು. ಹೋಗುವ ಬಸ್ಸು ಬೆಳಿಗ್ಗೆ ಬೇಗ ಬಂದು, ಕಾಯದೆ ಹೊರಟುಬಿಡುತ್ತಿತ್ತು. ಆ ಹೊತ್ತಿಗೆ ಅಕ್ಕ ಇನ್ನೂ ಮರಳಿನ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಬಸ್ಸಿನ ಹಾರನ್ನು ಹೊಳೆಯವರೆಗೂ ಕೇಳುತ್ತಿತ್ತು.

"ಊರೊಳಗೆ ಒಂದು ಬಾವಿ ಆದ್ರೆ ನೀನು ಹೈಸ್ಕೂಲಿಗೆ ಹೋಗು ಕಣವ್ವ. ಬಸ್ಸಿನ ಹೊತ್ತಿಗೆ ಮುಂಚೆ ನೀರು ಮುಗಿದೋಗ್ತದೆ" ಎಂದು ಅಪ್ಪ ಹೇಳಿದ್ದ. ಆ ವರ್ಷ ಪಂಚಾಯಿತಿಯಿಂದ ಒಂದು ಬಾವಿ ತೋಡಿಸುವ ಮಾತಿತ್ತು. ನಮ್ಮೂರಿಗೂ ಪಕ್ಕದ ದೊಡ್ಡ ಊರಿಗೂ ಸೇರಿ ಒಬ್ಬನೇ ಮೆಂಬರು. ದೊಡ್ಡೂರಿನಲ್ಲಿ ಆಗಲೇ ಬಾವಿಗಳಿದ್ದವು. ಆದರೂ ಗೆದ್ದವನ ಬೀದಿಗೇ ಹೊಸ ಬಾವಿ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅಪ್ಪ ನಿಂತ. ಅವನಿಗೆ ಸಿಕ್ಕ ಗುರುತು ಕೊಡೆ. ದೊಡ್ಡೂರಿನ ಯಜಮಾನರೊಬ್ಬರಿಗೆ ತಕ್ಕಡಿ, ಅದೇ ಊರಿನ ಅಂಗಡಿಯವರಿಗೆ ಏಣಿ. ಅವರ ಹೆಸರು ನನಗೆ ಆಗಲೂ ಸರಿಯಾಗಿ ಗೊತ್ತಿರಲಿಲ್ಲ. ನಾವು ಮಕ್ಕಳು ಅವರನ್ನು ತಕ್ಕಡಿಯವರು, ಏಣಿಯವರು ಎಂದೇ ಕರೆಯುತ್ತಿದ್ದೆವು.

ದೊಡ್ಡೂರಿನಲ್ಲಿ ಜನ ಹೆಚ್ಚು. ಆದರೆ ಅವರ ಓಟು ತಕ್ಕಡಿಗೂ ಏಣಿಗೂ ಹಂಚಿಹೋಗುತ್ತದೆ. ನಮ್ಮೂರಿನ ಗಂಡಸರ ಜೊತೆ ಹೆಂಗಸರೂ ಬಂದು ಹಾಕಿದರೆ ಕೊಡೆ ಗೆಲ್ಲುತ್ತದೆ. ಈ ಲೆಕ್ಕ ಹಾಕಿದವಳು ಅಕ್ಕ. ಅಲ್ಲಿಯವರೆಗೆ ನಮ್ಮೂರಿನ ಹೆಂಗಸರು ಓಟಿಗೆ ಹೋದದ್ದೇ ಇಲ್ಲ. ಗಂಡಸರು ಹೋಗಿಬಂದರೆ ಮನೆಯದೆಲ್ಲ ಆಯಿತು ಎಂದುಕೊಂಡಿದ್ದರು.

ಅಕ್ಕ ಅವರನ್ನು ಒಪ್ಪಿಸಿದಳು. ಆದರೆ ಅವರಿಗೆ ಮುದ್ರೆ ಒತ್ತುವುದೆಂದರೆ ಏನೆಂದೇ ತಿಳಿಯದು. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ, ಅಕ್ಕ ಮೊರ ತಂದು ಬೋರಲು ಹಾಕಿದಳು. ಇದ್ದಿಲಿನಿಂದ ಅದರ ಬೆನ್ನ ಮೇಲೆ ದೊಡ್ಡದೊಂದು ಕೊಡೆ ಬರೆದಳು. ಅವ್ವನ ಕುಂಕುಮದ ಭರಣಿಗೆ ನಾಕು ತೊಟ್ಟು ನೀರು ಬಿಟ್ಟು ಕಲಸಿದಳು.

"ಅಲ್ಲಿ ಮುದ್ರೆ ಅಂತ ಮಡಗಿರ್ತಾರೆ. ಅದನ್ನ ಇಂಗೆ ಮಸಿಗೆ ಅದ್ದಿ, ಇಂಗೆ ಒತ್ತೋದು. ಕುಂಕುಮ ಇಟ್ಟಂಗೆ ಅಷ್ಟೆ ಕಣ್ರವ್ವಾ, ಅದಕ್ಕಿಂತ ಏನೂ ಇಲ್ಲ."

ಆ ಮಾತು ಕೇಳಿದ್ದೇ ಹೆಂಗಸರ ಮುಖ ಅರಳಿತು. ಕುಂಕುಮ ಇಡುವುದು ಗೊತ್ತಿಲ್ಲದವರು ಯಾರು? ಒಬ್ಬೊಬ್ಬರೇ ಬಂದು ಬೆರಳು ಅದ್ದಿ ಕೊಡೆಗೆ ಇಟ್ಟರು. "ಎಲ್ಲಿ, ಕೊಡೆಗೆ ಬಳೆನೂ ತೊಡಿಸ್ಬುಡಾನ!" ಎಂದು ದೊಡ್ಡವ್ವ ನಗಿಸಿದಳು. ಕೊನೆಗೆ ಆ ಕೊಡೆ ಮೇಲಿನಿಂದ ಕೆಳಗಿನವರೆಗೆ ಕೆಂಪಗಾಗಿ, ದೇವರ ಹಾಗೆ ಕಾಣತೊಡಗಿತು.

ಅಜ್ಜಿ ಮತ್ತು ಅವಳ ವಯಸ್ಸಿನ ಕೆಲವರು ಗೋಡೆಯ ಬದಿಗೆ ಕೂತಿದ್ದರು. ಅವರೆಲ್ಲ ಗಂಡನನ್ನು ಕಳೆದುಕೊಂಡವರು. ಆಗಿನ ಕಾಲದಲ್ಲಿ ಅಂಥವರು ಕುಂಕುಮ ಮುಟ್ಟುವಂತಿರಲಿಲ್ಲ. ಎಂಥ ಅನ್ಯಾಯ ಎಂದು ನಿಮಗೆ ಈಗ ಅನ್ನಿಸುತ್ತದೆ. ನಮಗೆ ಆಗ ಅದು ಮನೆಯ ಕಂಬದ ಹಾಗೆ. ಅಲ್ಲೇ ಇತ್ತು, ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ. "ನೀನು ನೋಡ್ಕಂಡ್ರೆ ಸಾಕು ಬುಡಜ್ಜಿ" ಎಂದು ಅಕ್ಕ ಪ್ರೀತಿಯಿಂದಲೇ ಹೇಳಿದಳು. ಅಜ್ಜಿ ತಲೆಯಾಡಿಸಿ, ಕಣ್ಣರಳಿಸಿ ನೋಡಿದಳು.

ಅದೇ ವಾರ ಇನ್ನೊಂದು ತಮಾಷೆ ನಡೆಯಿತು. ತಕ್ಕಡಿಯವರ ಹೆಂಡತಿ ನಮ್ಮೂರಿಗೆ ಓಟು ಕೇಳಲು ಬಂದವರು ತಿಳಿಯದೆ ನಮ್ಮ ಮನೆಗೇ ಬಂದುಬಿಟ್ಟರು. ಅವ್ವ ಅವರಿಗೆ ಚಾಪೆ ಹಾಸಿ, ಬೆಲ್ಲದ ಪಾನಕ ಕೊಟ್ಟು, ಹೊರಡುವಾಗ ಹಣೆಗೆ ಕುಂಕುಮ ಇಟ್ಟು ಕಳಿಸಿದಳು.

"ನಿನ್ ಗಂಡನ ಎದುರಾಳಿ ಎಂಡ್ರಿಗೆ ಕುಂಕುಮ ಕೊಟ್ಟೇನೇ?" ಎಂದು ದೊಡ್ಡವ್ವ ಹೊಸಿಲಲ್ಲಿ ನಿಂತು ಅಣಕಿಸಿದಳು.

"ಜಗಳ ಬ್ಯಾರೆ, ಕುಂಕುಮ ಬ್ಯಾರೆ. ಬಾಗ್ಲಿಗೆ ಬಂದೋರ್ಗೆ ಇಡದೆ ಕಳ್ಸಕ್ಕಾಯ್ತದಾ?" ಎಂದು ಅವ್ವ ಭರಣಿ ಮುಚ್ಚಿಟ್ಟಳು.

ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು.

ಹಾಗಾಗಿ ಆ ಬೆಳಿಗ್ಗೆ ಗಾಡಿಗಳು ಹೊರಟಾಗ ನಮ್ಮ ಮನಸ್ಸು ಬಾವಿಯಲ್ಲಿ ನೀರು ಕಂಡಷ್ಟೇ ಹಗುರವಾಗಿತ್ತು. ದಾರಿಯ ಎರಡೂ ಕಡೆ ಅವರೆಕಾಯಿ ಬಿಟ್ಟಿತ್ತು. ಮಂಜು ನೆನೆಸಿದ ಅದರ ಸೊಗಡು ಗಾಡಿಯೊಳಗೆಲ್ಲ ತುಂಬಿತ್ತು. ಹೆಂಗಸರು ಸೋಬಾನೆ ಹಾಡುತ್ತಿದ್ದರು. ಅಪ್ಪ ಗಾಡಿಯ ಪಕ್ಕದಲ್ಲಿ ನಡೆದು ಬರುತ್ತಿದ್ದ. ಅವನ ಬಿಳಿ ಅಂಗಿಯ ಕತ್ತಿನ ಹತ್ತಿರ ಅಕ್ಕ ಹಾಕಿದ ಹೊಲಿಗೆ ಕಾಣುತ್ತಿತ್ತು. ಅಜ್ಜಿ ಅವನನ್ನೇ ನೋಡುತ್ತ, ಯಾರಿಗೂ ಕೇಳಿಸದ ಹಾಗೆ ಏನೋ ಹರಕೆ ಹೇಳಿಕೊಳ್ಳುತ್ತಿದ್ದಳು.

ಓಟು ನಡೆಯುತ್ತಿದ್ದುದು ದೊಡ್ಡೂರಿನ ಶಾಲೆಯಲ್ಲಿ. ಹೆಂಗಸರ ಸಾಲು ಬೇವಿನ ಮರದವರೆಗೆ ಬಂದಿತ್ತು. ದೊಡ್ಡೂರಿನ ಗಂಡಸರು ಬೀಡಿ ಸೇದುವುದನ್ನು ಮರೆತು ನಮ್ಮನ್ನೇ ನೋಡುತ್ತಿದ್ದರು. ಅವರ ಮುಖದ ಗಾಬರಿ ನೋಡಿ ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳಿಗೆ ಓಟಿನ ವಯಸ್ಸಾಗಿರಲಿಲ್ಲ. ಹೊರಗೇ ನಿಂತು, ಒಳಗೆ ಹೋಗುವ ಒಬ್ಬೊಬ್ಬರಿಗೂ "ಕೊಡೆ, ಮರೀಬ್ಯಾಡ, ಕೊಡೆ" ಎಂದು ಪಿಸುಗುಟ್ಟುತ್ತಿದ್ದಳು. ಶಾಲೆಯ ಗೇಟಿನ ಹತ್ತಿರ ಹಾಗೆ ಹೇಳಬಾರದು ಎಂದು ಪೊಲೀಸಿನವನು ಗದರಿಸಿ ಅವಳನ್ನು ಮರದ ಆಚೆ ಕಳಿಸಿದ.

ನಾನು ಅವ್ವನ ಸೆರಗು ಹಿಡಿದೇ ಒಳಗೆ ಹೋದೆ. ಮೇಜಿನ ಹಿಂದೆ ಹುಣಸೂರಿನಿಂದ ಬಂದ ಕನ್ನಡಕದ ಆಫೀಸರು ಕೂತಿದ್ದರು. ಅವ್ವನ ಬೆರಳಿಗೆ ಮಸಿ ಹಚ್ಚಿ, ಮಡಚಿದ ಚೀಟಿ ಕೊಟ್ಟರು. "ಒಳಗೆ ಮುದ್ರೆ ಇದೆ. ಗುರುತಿನ ಮೇಲೆ ಒತ್ತಿ, ಮಡಚಿ, ಈ ಪೆಟ್ಟಿಗೆಗೆ ಹಾಕಬೇಕು" ಎಂದರು. ಮೂಲೆಯಲ್ಲಿ ಕಂಬಳಿ ಅಡ್ಡ ಕಟ್ಟಿದ್ದರು. ಅದರ ಹಿಂದೆ ಒಂದು ಬೆಂಚು, ಬೆಂಚಿನ ಮೇಲೆ ನೇರಳೆ ಮಸಿಯ ಡಬ್ಬಿ. ಅವ್ವ ಚೀಟಿ ಬಿಡಿಸಿದಳು. ತಕ್ಕಡಿ, ಕೊಡೆ, ಏಣಿ ಮೂರೂ ಅಲ್ಲಿದ್ದವು, ಒಂದರ ಕೆಳಗೊಂದು. ಅವ್ವ ಕಣ್ಣುಮುಚ್ಚಿ ದೇವರನ್ನು ನೆನೆದು ಕೊಡೆಯ ಮೇಲೆ ಮುದ್ರೆ ಒತ್ತಿದಳು. ಟಕ್ ಎಂದಿತು. ಸ್ವಲ್ಪ ಹೊತ್ತು ಚೀಟಿಯನ್ನೇ ನೋಡಿದಳು. ಆಮೇಲೆ ಮತ್ತೆ ಟಕ್, ಮತ್ತೆ ಟಕ್. ಸಮಾಧಾನದಿಂದ ಮಡಚಿ, ನನ್ನ ಕೈ ಹಿಡಿದು ಹೊರಗೆ ಬಂದಳು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆ ಸದ್ದು ಚೆನ್ನಾಗಿತ್ತು ಎಂದಷ್ಟೇ ಅನ್ನಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ಗಾಡಿಗಳು ಹೆಂಗಸರನ್ನು ಕರೆದುಕೊಂಡು ಊರಿಗೆ ಹಿಂದಿರುಗಿದವು. ಎಣಿಕೆ ಅದೇ ಸಂಜೆ, ಅದೇ ಶಾಲೆಯಲ್ಲಿ. ಅಪ್ಪ ಒಳಗೆ ಕೂತ. ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಿಟಕಿಯ ಸರಳಿಗೆ ಮುಖವಿಟ್ಟು ನಿಂತಳು. ನಮ್ಮ ಬೆನ್ನ ಹಿಂದೆ ಎರಡೂ ಊರಿನ ಗಂಡಸರು ಒತ್ತಿಕೊಂಡು ನಿಂತಿದ್ದರು. ಬೆವರು, ಬೀಡಿ, ಹುರಿಗಡಲೆ ಎಲ್ಲ ಸೇರಿದ ವಾಸನೆ.

ಆಫೀಸರು ಪೆಟ್ಟಿಗೆಯ ಬೀಗ ಒಡೆದು ಚೀಟಿಗಳನ್ನು ಮೇಜಿನ ಮೇಲೆ ಸುರಿದರು. ಒಂದೊಂದನ್ನೇ ಬಿಡಿಸಿ ತೋರಿಸಿ, ತಕ್ಕಡಿಯ ಗುಡ್ಡೆಗೆ, ಏಣಿಯ ಗುಡ್ಡೆಗೆ, ಕೊಡೆಯ ಗುಡ್ಡೆಗೆ ಹಾಕತೊಡಗಿದರು. ಒಂದು ಚೀಟಿಯನ್ನು ಬಿಡಿಸಿದವರು ಹುಬ್ಬು ಗಂಟಿಕ್ಕಿ, ಅದನ್ನು ಯಾವ ಗುಡ್ಡೆಗೂ ಹಾಕದೆ ಕಾಲ ಬಳಿಯ ಬುಟ್ಟಿಗೆ ಹಾಕಿದರು. ಮುಂದಿನದೂ ಬುಟ್ಟಿಗೆ. ಮತ್ತೊಂದು. ಮತ್ತೆ.

"ಯಾಕೆ ಸ್ವಾಮಿ ಅವು?" ಎಂದು ಅಪ್ಪ ಕೇಳಿದ.

"ಕುಲಗೆಟ್ಟ ಓಟು. ಮೂರಕ್ಕೂ ಒತ್ತಿದ್ದಾರೆ. ಲೆಕ್ಕಕ್ಕೆ ಬರೋದಿಲ್ಲ" ಎಂದರು ಆಫೀಸರು. ಲೆಕ್ಕಕ್ಕೆ ಬಾರದ ಓಟಿಗೆ ಆಗ ಹಾಗೆಂದೇ ಹೇಳುತ್ತಿದ್ದರು.

ಬುಟ್ಟಿ ತುಂಬುತ್ತ ಬಂತು. ಕೊಡೆಯ ಗುಡ್ಡೆ ಬೆಳೆಯಲಿಲ್ಲ. ಆಫೀಸರು ಇನ್ನೊಂದು ಚೀಟಿ ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಏನೂ ಇಲ್ಲ. ಖಾಲಿ" ಎಂದರು. ಅಂಥ ಖಾಲಿ ಚೀಟಿಗಳೂ ಒಂದಾದ ಮೇಲೆ ಒಂದು ಬಂದವು. ಒಂದು ಚುಕ್ಕೆ ಮಸಿಯಿಲ್ಲ. ಅಚ್ಚುಕಟ್ಟಾಗಿ, ವೀಳ್ಯದೆಲೆ ಮಡಚಿದ ಹಾಗೆ ಮಡಚಿದ್ದರು.

ಕೊನೆಗೆ ತಕ್ಕಡಿ ಗೆದ್ದಿತು. ಹೆಚ್ಚೇನೂ ಅಂತರವಿರಲಿಲ್ಲ, ಒಂದೆರಡು ಮನೆಯವರ ಓಟು ಅಷ್ಟೆ. ಕಾಲ ಬಳಿಯ ಬುಟ್ಟಿಯಲ್ಲಿ ಅದರ ಎಷ್ಟೋ ಪಟ್ಟು ಬಿದ್ದಿತ್ತು.

ತಕ್ಕಡಿಯವರು ಹೊರಗೆ ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮೂರ ಎಂಗಸ್ರು ನಂಗೂ ಆಕವ್ರೆ, ನಿಂಗೂ ಆಕವ್ರೆ, ಅವ್ನಿಗೂ ಆಕವ್ರೆ ಅಂತ ಕಾಣ್ತದೆ! ಒಳ್ಳೇ ಜನ ಕಣಯ್ಯ, ಯಾರ್ಗೂ ಬೇಜಾರು ಮಾಡೋರಲ್ಲ" ಎಂದು ಜೋರಾಗಿ ನಕ್ಕರು. ಸುತ್ತಲಿದ್ದವರೂ ನಕ್ಕರು. ಅಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಯಾರೋ ಕೆನ್ನೆಗೆ ಹೊಡೆದು ಓಡಿಹೋದರೆ ನಿಂತುಬಿಡುತ್ತೇವಲ್ಲ, ಹಾಗೆ ನಿಂತಿದ್ದ.

ಊರಿಗೆ ನಡೆದೇ ಹೋದೆವು. ಅಕ್ಕನ ಹೆಗಲ ಮೇಲೆ ನಾನು ತಲೆಯಿಟ್ಟಿದ್ದೆ. ಅವಳ ಕತ್ತು ತಣ್ಣಗಿತ್ತು. ಊರಬಾಗಿಲಲ್ಲಿ ದೊಡ್ಡವ್ವ ಕೆಂಪು ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ನಮ್ಮ ಮುಖ ನೋಡಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಮನೆಯೊಳಗೆ ಪಾಯಸಕ್ಕೆ ಕಾಯುತ್ತಿದ್ದ ಬೆಲ್ಲದ ಪರಿಮಳ. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು.

ಅಪ್ಪ ಅವ್ವನನ್ನು ಕೇಳಿದ. "ನೀನು ಯಾರ್ಗೆ ಆಕ್ದೆ?"

ಅವ್ವ ಬೆಚ್ಚಿಬಿದ್ದಳು. "ಇದೇನು ಇಂಗೆ ಕೇಳ್ತೀರಿ! ನಿಮ್ಗೇ. ಮೊದ್ಲು ನಿಮ್ಗೇ."

"ಮೊದ್ಲು ಅಂದ್ರೆ?"

"ಮೊದ್ಲು ನಿಮ್ಗೆ. ಆಮೇಲೆ ಮಿಕ್ಕೋರ್ಗೆ."

"ಮಿಕ್ಕೋರ್ಗೆ ಯಾಕವ್ವಾ?" ಎಂದಳು ಅಕ್ಕ. ಅವಳ ದನಿ ಎಳೆಯ ಕರುವಿನ ಕೂಗಿನ ಹಾಗೆ ಒಡೆದಿತ್ತು.

"ಕುಂಕುಮ ಇಟ್ಟಂಗೆ ಅಂತ ನೀನೇ ಏಳ್ಕೊಟ್ಯಲ್ಲ. ಅಲ್ಲಿ ನೋಡುದ್ರೆ ಮೂರು ಜನ ಕುಂತವ್ರೆ. ಒಬ್ಬರ್ಗೆ ಇಟ್ಟು ಇಬ್ಬರ್ನ ಬುಟ್ಟು ಬರಕ್ಕಾಯ್ತದಾ? ನೋಡ್ದೋರು ಏನಂದಾರು?"

ದೊಡ್ಡವ್ವ ತಲೆಯ ಮೇಲೆ ಕೈಹೊತ್ತು ಕೆಳಗೆ ಕೂತಳು. "ಅಯ್ಯೋ ಸಿವನೇ. ನಾನೂ ಅಂಗೇ ಇಟ್ಟೆ ಕಣೇ." ಬೀದಿಯಲ್ಲಿ ಸೇರಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಬಾಯಿಬಿಡಬೇಕಾಗಿರಲಿಲ್ಲ. ಎಲ್ಲರೂ ಹಾಗೇ ಇಟ್ಟಿದ್ದರು. ಮೊರದ ಮೇಲೆ ಅವರು ನೋಡಿದ್ದು ಒಂದೇ ಕೊಡೆ. ಬೇರೆಯವರ ಗುರುತನ್ನು ನಮ್ಮ ಮನೆಯ ಮೊರದ ಮೇಲೆ ಯಾಕೆ ಬರೆಯಬೇಕು ಎಂದು ಅಕ್ಕ ಬರೆದೇ ಇರಲಿಲ್ಲ.

ಆಗ ಅಕ್ಕನಿಗೆ ಆ ಖಾಲಿ ಚೀಟಿಗಳು ನೆನಪಾದವು. ನಿಧಾನಕ್ಕೆ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ನೀನು?"

"ನಾನು ಮುದ್ರೆ ಮುಟ್ನಿಲ್ಲ ಕಣ್ ಮಗ" ಎಂದಳು ಅಜ್ಜಿ. ಅವಳ ಮುಖದಲ್ಲಿ ಇನ್ನೂ ಬೆಳಗಿನ ಸಮಾಧಾನವೇ ಇತ್ತು. "ಕುಂಕುಮದ ಕೆಲ್ಸ ಅದು. ನನ್ ಕೈ ಅದ್ನ ಮುಟ್ಟಿ, ನನ್ ಮಗನ್ಗೆ ಕೇಡಾಗ್ಬಾರ್ದು ಅಂತ, ಚೀಟಿನ ಅಣೆಗೆ ಒತ್ಕಂಡು ಅಂಗೇ ಪೆಟ್ಗೆಗೆ ಆಕ್ಬುಟ್ಟೆ. ನಾವು ಮುದುಕೀರೆಲ್ಲ ಅಂಗೇ ಮಾಡುದ್ವು." ಅಪ್ಪನ ಕಡೆ ತಿರುಗಿ ಸೇರಿಸಿದಳು, "ನಿನ್ ಒಳ್ಳೇದ್ಕೇ ಕಣೋ ಅಪ್ಪಾ."

ಮಕ್ಕಳೇ, ಅಪ್ಪ ಅಳುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಸೋತದ್ದಕ್ಕೆ ಅವನು ಅಳಲಿಲ್ಲ. ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತು, ಅವಳ ಎರಡೂ ಕೈಗಳನ್ನು ಹಿಡಿದು ತನ್ನ ಮುಖಕ್ಕೆ ಒತ್ತಿಕೊಂಡ. ಅಜ್ಜಿಗೆ ಏನಾಯಿತೆಂದೇ ತಿಳಿಯಲಿಲ್ಲ. "ಯಾಕ್ಲಾ? ಗೆಲ್ನಿಲ್ವಾ?" ಎಂದು ಕೇಳುತ್ತಲೇ ಇದ್ದಳು.

ಬೀದಿಯಲ್ಲಿ ಗಂಡಸೊಬ್ಬ, "ಎಂಗಸ್ರು ಮನೇಲೇ ಇದ್ದಿದ್ರೆ ವಾಸಿಯಾಗಿತ್ತು" ಎಂದ. ಅಪ್ಪ ಎದ್ದು ನಿಂತು, ಕಣ್ಣೊರೆಸಿಕೊಂಡು ಅವನಿಗೆ ಉತ್ತರ ಕೊಟ್ಟ. "ಮನೇಲಿದ್ದಿದ್ರೂ ನಾನು ಇಂಗೇ ಸೋಲ್ತಿದ್ದೆ ಕಣ್ಲಾ. ಬಂದಿದ್ಕೆ, ಏನು ಗೊತ್ತಿರ್ನಿಲ್ಲ ಅನ್ನೋದು ಗೊತ್ತಾಯ್ತು. ಬಯ್ಯಂಗಿದ್ರೆ ನನ್ನ ಬಯ್ಯಿ."

ಅಕ್ಕ ಮೊರವನ್ನು ಹಿತ್ತಲಿಗೆ ಒಯ್ದು ತೊಳೆದಳು. ಕುಂಕುಮ ಬೇಗ ಬಿಟ್ಟಿತು. ಇದ್ದಿಲಿನ ಕೊಡೆ ಎಷ್ಟು ಉಜ್ಜಿದರೂ ಬಿದಿರಿನ ಎಳೆಗಳ ನಡುವೆ ಉಳಿದುಬಿಟ್ಟಿತು. ಮರುದಿನ ಬೆಳಿಗ್ಗೆ ಬಸ್ಸಿನ ಹಾರನ್ನು ಕೇಳಿದಾಗ ಅಕ್ಕ ಮರಳಿನ ಗುಂಡಿಯ ಹತ್ತಿರವೇ ಇದ್ದಳು. ನಾನು ಪಕ್ಕದಲ್ಲಿ ಕೂತು ಚಿಪ್ಪು ಕೊಡುತ್ತಿದ್ದೆ. ಹಾರನ್ನು ನಿಲ್ಲುವವರೆಗೂ ಅವಳು ಬಿಂದಿಗೆಗೆ ನೀರು ಹಾಕಲಿಲ್ಲ. ಚಿಪ್ಪಿನಲ್ಲಿದ್ದ ನೀರು ಸೋರಿ ಹೋಯಿತು.

ಹೊಸ ಬಾವಿ ತಕ್ಕಡಿಯವರ ಬೀದಿಗೆ ಆಯಿತು. ಅಕ್ಕನ ಓದು ಅಲ್ಲಿಗೆ ನಿಂತಿತು.

ಆದರೆ ಅಕ್ಕ ನಿಲ್ಲಲಿಲ್ಲ. ಹೊಳೆಯಲ್ಲಿ ನೀರಿಗೆ ಕಾಯುವಾಗ ಹೆಂಗಸರ ಹತ್ತಿರ ಅದೇ ಮಾತು. ಮುಂದಿನ ಎಲೆಕ್ಷನ್ ಬರುವ ಹೊತ್ತಿಗೆ ಅವಳು ಲಂಗ ಬಿಟ್ಟು ಸೀರೆ ಉಡುತ್ತಿದ್ದಳು. ಅಪ್ಪ ಮತ್ತೆ ನಿಂತ. ಅಕ್ಕ ಮತ್ತೆ ಮೊರ ಬೋರಲು ಹಾಕಿದಳು. ಈ ಸಲ ಎಲ್ಲರ ಗುರುತನ್ನೂ ಬರೆದಳು, ಒಂದರ ಕೆಳಗೊಂದು, ಚೀಟಿಯಲ್ಲಿ ಇರುವ ಹಾಗೇ. ಭರಣಿಯನ್ನು ಹತ್ತಿರಕ್ಕೇ ತರಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಬಟ್ಟಲಲ್ಲಿ ಕಲಸಿ, ಬೆಂಡೆಕಾಯಿಯ ತೊಟ್ಟು ಕೊಯ್ದು, ಅದನ್ನೇ ಮುದ್ರೆ ಮಾಡಿದಳು. ಒತ್ತಿದರೆ ನಕ್ಷತ್ರದಂಥ ನೀಲಿ ಗುರುತು ಬೀಳುತ್ತಿತ್ತು.

"ನೋಡ್ರವ್ವಾ, ಇದು ಕುಂಕುಮ ಅಲ್ಲ, ಬಾವಿಗೆ ಬಿಡೋ ಅಗ್ಗ. ಒಂದು ಅಗ್ಗದ ತುದಿಗೆ ಎಷ್ಟು ಬಿಂದ್ಗೆ ಕಟ್ತೀರಿ?"

"ಒಂದು!"

"ಎರಡು ಕಟ್ಟುದ್ರೆ?"

"ಎರಡೂ ಒಡ್ಕತವೆ!" ಎಂದು ದೊಡ್ಡವ್ವ ಕೂಗಿದಳು.

"ಕಟ್ದೆ ಬರೀ ಅಗ್ಗ ಬಿಟ್ರೆ?"

ಗೋಡೆಯ ಬದಿಯಿಂದ ಅಜ್ಜಿ ಹೇಳಿದಳು. "ನೀರು ಬರಕಿಲ್ಲ."

ಅಕ್ಕ ಬೆಂಡೆಕಾಯಿಯನ್ನು ಮೊದಲು ಅಜ್ಜಿಯ ಕೈಗೇ ಕೊಟ್ಟಳು. ಅಜ್ಜಿ ಅದನ್ನು ತಿರುಗಿಸಿ ನೋಡಿದಳು. "ಕೆಂಪಲ್ಲ ತಾನೇ?" ಎಂದು ಕೇಳಿದಳು. "ಅಲ್ಲ ಅಜ್ಜಿ, ನೀಲಿ. ಯಾರು ಬೇಕಾದ್ರೂ ಮುಟ್ಬೋದು" ಎಂದಳು ಅಕ್ಕ. ಅಜ್ಜಿ ಒತ್ತಿದಳು. ಅಜ್ಜ ತೀರಿಹೋದ ಮೇಲೆ ನಾಕು ಜನರ ನಡುವೆ ಅವಳು ಮೊದಲಿಗಳಾಗಿ ಮಾಡಿದ ಕೆಲಸ ಅದೊಂದೇ ಎಂದು ಅವ್ವ ಆಮೇಲೆ ಹೇಳುತ್ತಿದ್ದಳು. ಆ ವಾರವೆಲ್ಲ ಅಜ್ಜಿ ಕೋಲೂರಿಕೊಂಡು, ತನ್ನಂಥ ಮುದುಕಿಯರ ಮನೆಗೆಲ್ಲ ಹೋಗಿ ಬೆಂಡೆಕಾಯಿ ಒತ್ತಿಸಿ ಬಂದಳು. ಊರಿನಲ್ಲಿ ಯಾರು ಎಡವಟ್ಟು ಮಾಡಿದರೂ "ಇವಳು ಒಂದು ಅಗ್ಗಕ್ಕೆ ಎರಡು ಬಿಂದ್ಗೆ ಕಟ್ದೋಳು" ಎಂದು ಹಾಸ್ಯ ಮಾಡುವುದು ರೂಢಿಯಾಯಿತು.

ಆ ಸಲ ಕಾಲ ಬಳಿಯ ಬುಟ್ಟಿ ಹೆಚ್ಚುಕಡಿಮೆ ಬರಿದಾಗಿತ್ತು. ಅಪ್ಪ ಗೆದ್ದ. ನಮ್ಮ ಬೀದಿಯಲ್ಲಿ ಬಾವಿ ತೋಡಲು ಶುರುಮಾಡಿದರು. ಬಂಡೆ ಒಡೆದು ನೀರು ಚಿಮ್ಮಿದ ದಿನ ಊರೆಲ್ಲ ಸುತ್ತ ನೆರೆದಿತ್ತು, ಅಕ್ಕ ಮಾತ್ರ ಇರಲಿಲ್ಲ. ಅವಳು ಆಗಲೇ ಮದುವೆಯಾಗಿ ಕೆ.ಆರ್. ನಗರದ ಕಡೆ, ಭೇರ್ಯಕ್ಕೆ ಹೋಗಿದ್ದಳು. ಬೆಳಗಿನ ಬಸ್ಸು ಹತ್ತಿ ಹುಣಸೂರಿನ ಹೈಸ್ಕೂಲಿಗೆ ಹೋದವಳು ನಾನು. ಬಸ್ಸು ಹೊಳೆ ದಾಟುವಾಗ ಪ್ರತಿ ದಿನ ಆ ಮರಳಿನ ಕಡೆ ನೋಡುತ್ತಿದ್ದೆ.

ಈಗ ನನ್ನ ಮೊಮ್ಮಕ್ಕಳಾದ ನಿಮ್ಮ ಮನೆಯಲ್ಲಿ ಅಡುಗೆಮನೆಗೊಂದು, ಬಚ್ಚಲಿಗೊಂದು, ಕೈ ತೊಳೆಯಲು ಇನ್ನೊಂದು ನಲ್ಲಿ ಇದೆ. ಓಟಿಗೆ ಯಂತ್ರ ಬಂದಿದೆ. ಗುಂಡಿ ಒತ್ತಿದರೆ ಕುಂಯ್ ಎನ್ನುತ್ತದೆ. ನೀವು ಒತ್ತಿದ ಗುರುತು ಗಾಜಿನ ಹಿಂದೆ ಒಮ್ಮೆ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಒಂದು ಒತ್ತಿದ ಮೇಲೆ ಇನ್ನೊಂದನ್ನು ಒತ್ತಿದರೆ ಆ ಯಂತ್ರ ಕೇಳುವುದೇ ಇಲ್ಲ. ಅವ್ವ ಇದ್ದಿದ್ದರೆ ಇದಕ್ಕೆ ಮರ್ಯಾದೆ ಗೊತ್ತಿಲ್ಲ ಎನ್ನುತ್ತಿದ್ದಳೋ ಏನೋ. ಯಾರೂ ಬೇಡ ಎನ್ನುವವರಿಗೂ ಒಂದು ಗುಂಡಿ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಅಜ್ಜಿಯ ಖಾಲಿ ಚೀಟಿ ನೆನಪಾಗುತ್ತದೆ. ಆದರೆ ಅಜ್ಜಿ ಯಾರೂ ಬೇಡ ಎಂದವಳಲ್ಲ. ಮಗನೇ ಬೇಕು ಎಂದವಳು. ಓಟಿನ ದಿನ ರಜೆ ಸಿಕ್ಕಿತೆಂದು ನಿಮ್ಮಪ್ಪ ಕಬಿನಿ ಹಿನ್ನೀರಿಗೆ ಕಾರು ಹೊರಡಿಸಿದಾಗ ನಾನು ಬೀಗದ ಕೈ ಕಿತ್ತುಕೊಂಡೆನಲ್ಲ, ಯಾಕೆ ಎಂದು ಆಗ ಕೇಳಿದಿರಿ. ಇದಕ್ಕೇ.

ಕಳೆದ ಚುನಾವಣೆಯಲ್ಲಿ ನಾನೂ ನೀವೂ ಭೇರ್ಯದಲ್ಲಿ ಅಕ್ಕನ ಮನೆಯಲ್ಲಿದ್ದೆವು. ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ನಡೆಯಲಾಗದ ವಯಸ್ಸಾದವರ ಮನೆಗೇ ಬಂದು ಓಟು ಹಾಕಿಸಿಕೊಳ್ಳುವ ಹೊಸ ಏರ್ಪಾಡು ಆಗಿತ್ತು. ಜೀಪಿನಲ್ಲಿ ಬಂದವರು ಮಂಚದ ಮುಂದೆ ರಟ್ಟಿನ ಮರೆ ಇಟ್ಟರು. ನಮ್ಮನ್ನೆಲ್ಲ ಹೊರಗೆ ಕಳಿಸಿ, ಅಕ್ಕನ ಕೈಗೆ ಕೊಟ್ಟದ್ದು ಯಂತ್ರವಲ್ಲ, ಕಾಗದದ ಚೀಟಿ. ಅಷ್ಟು ವರ್ಷಗಳ ಮೇಲೆ ಮತ್ತೆ ಕಾಗದ! ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ.

"ಅಜ್ಜಿ, ಒಬ್ಬರಿಗೆ ಮಾತ್ರ ಗುರುತು ಹಾಕಬೇಕು" ಎಂದ ಹುಡುಗ ಆಫೀಸರು.

"ಗೊತ್ತು ಕಣಪ್ಪಾ" ಎಂದಳು ಅಕ್ಕ ಒಳಗಿನಿಂದ. "ಒಂದು ಅಗ್ಗಕ್ಕೆ ಒಂದೇ ಬಿಂದ್ಗೆ."

ಅವನಿಗೆ ಅರ್ಥವಾಗಲಿಲ್ಲ. ನಿಮಗೂ ಆಗಲಿಲ್ಲ, ನನ್ನ ಕಣ್ಣು ಯಾಕೆ ಒದ್ದೆಯಾಯಿತೆಂದು ಕೇಳಿದಿರಿ. ಅಕ್ಕ ಚೀಟಿ ಮಡಚಿ ಲಕೋಟೆಗೆ ಹಾಕಿದಳು. ಅವರು ಅದನ್ನು ಅಂಟಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡು ಮುಂದಿನ ಮನೆಗೆ ಹೊರಟರು. ಅಕ್ಕ ಬಾಯಾರಿಕೆ ಎಂದಳು. ನಿಮ್ಮಲ್ಲಿ ಸಣ್ಣವಳು ಅಡುಗೆಮನೆಗೆ ಓಡಿ, ನಲ್ಲಿ ತಿರುಗಿಸಿ, ಒಂದು ಲೋಟ ನೀರು ತಂದುಕೊಟ್ಟಳು.